ಮಳೆಗಾಲ ಬಿಟ್ಟು ನೋಡಿದ ಹೊಲ

ದೇವನಹಳ್ಳಿ ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ: “ನಮ್ಮೂರಿನ ಮಗ್ಗುಲಲ್ಲಿ 130 ಎಕರೆ ರಾಗಿ ಹೊಲ ಟೌನ್‌ಶಿಪ್ ಆಗುತ್ತಿದೆ. ಪರಿಸರ ಅನುಮತಿ ಸಿಕ್ಕಿದೆ ಎಂಬ ಜಾಹೀರಾತು ಒಂಬತ್ತು ದಿನಗಳ ಹಿಂದೆ ಪತ್ರಿಕೆಯಲ್ಲಿ ಬಂತು. ಊರಿನಲ್ಲಿ ಒಬ್ಬರನ್ನೂ ಕೇಳಿಲ್ಲ. ಕೇಳದೆ ಪರಿಶೀಲನೆ ಹೇಗಾಯಿತು? ಇದು ಬರೀ ಮೊಹರು ಒತ್ತುವ ಕೆಲಸವೇ?”

ಸಂಪಾದಕರ ಉತ್ತರ:

ಕೇಳಬೇಕೆಂದು ಕಾನೂನೇ ಹೇಳುವುದಿಲ್ಲ. 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯು ದೊಡ್ಡ ಗಣಿ, ಅಣೆಕಟ್ಟೆಗಳಿಗೆ ಸಾರ್ವಜನಿಕ ಅಹವಾಲು ಸಭೆ ನಡೆಸಬೇಕೆನ್ನುತ್ತದೆ. ಕಟ್ಟಡ ಮತ್ತು ಟೌನ್‌ಶಿಪ್‌ಗಳಿಗೆ ವಿನಾಯಿತಿ ಕೊಡುತ್ತದೆ. 50 ಹೆಕ್ಟೇರ್, ಅಂದರೆ ಸುಮಾರು 123 ಎಕರೆ ದಾಟಿದರೆ ಅಧ್ಯಯನ ವರದಿ ಬೇಕು. ಆದರೆ ಆ ವರದಿಯನ್ನು ಊರ ಮುಂದಿಡಬೇಕಿಲ್ಲ. ರಾಜ್ಯಮಟ್ಟದ ತಜ್ಞರ ಸಮಿತಿ ಅದನ್ನು ನೋಡುತ್ತದೆ, ರಾಜ್ಯಮಟ್ಟದ ಪ್ರಾಧಿಕಾರ ಅನುಮತಿ ಕೊಡುತ್ತದೆ. ಈ ವಿನಾಯಿತಿ ತಪ್ಪು, ಅದನ್ನು ತೆಗೆಯಬೇಕು ಎಂಬುದು ಈ ಪತ್ರಿಕೆಯ ನಿಲುವು. ಭೂ ಪರಿವರ್ತನೆಯ ಹಂತದಲ್ಲಾದರೂ ಯಾರಾದರೂ ಕೇಳುತ್ತಾರೆಯೇ ಎಂದರೆ, 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಮಿನಡಿ ಜಿಲ್ಲಾಧಿಕಾರಿ ಪರಿಶೀಲಿಸುವುದು ಮುಖ್ಯವಾಗಿ ಜಮೀನಿನ ಹಕ್ಕು ಮತ್ತು ನಕ್ಷೆಯನ್ನು. ಅಲ್ಲಿ ಮಣ್ಣಿನ ಮಾತು ಬರುವುದಿಲ್ಲ.

ನಿಮ್ಮ ಪಕ್ಕದ ಹೋಬಳಿ ಚನ್ನರಾಯಪಟ್ಟಣದ ರೈತರು ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕೂತರು. 2025ರ ಜುಲೈ 15ರಂದು 1,777 ಎಕರೆ ಸ್ವಾಧೀನವನ್ನು ಕೈಬಿಡುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯ ಘೋಷಿಸಿದರು. ಅಲ್ಲಿ ಭೂಮಿ ಕೇಳಿದ್ದು ಸರ್ಕಾರ. ನಿಮ್ಮಲ್ಲಿ ನೆರೆಯವರು ತಾವಾಗಿಯೇ ಮಾರಿದ್ದಾರೆ. ಸಾಲ ತೀರಿಸಲು, ಮಗಳ ಓದಿಗೆ ಮಾರಿದವರನ್ನು ನಾನು ದೂರಲಾರೆ. ಆದರೆ ಹೊಲ ಮಾರಿದರೂ ಅದರ ಮೇಲೆ ಹರಿಯುವ ನೀರು ಮಾರಾಟವಾಗುವುದಿಲ್ಲ. ಅದು ನಿಮ್ಮ ಕೆರೆಗೂ ಸೇರಿದ್ದು.

ವರದಿಯ ಬಗ್ಗೆ ಹೇಳಲೇಬೇಕಾದದ್ದು ಒಂದಿದೆ. ಇಂಥ ಅಧ್ಯಯನಗಳಿಗೆ ಸಾಮಾನ್ಯವಾಗಿ ಒಂದು ಋತುವಿನ, ಸುಮಾರು ಮೂರು ತಿಂಗಳ ಮಾಹಿತಿ ಸಾಕು; ಅದೂ ಮಳೆಗಾಲ ಬಿಟ್ಟು. ಒಮ್ಮೆ ಏಪ್ರಿಲ್‌ನಲ್ಲಿ ಅಂಥದೊಂದು ವರದಿ ಹಿಡಿದು ಒಂದು ಹಳ್ಳಿಗೆ ಹೋಗಿದ್ದೆ. ವರದಿಯಲ್ಲಿ ಆ ಜಾಗ “ಬಹುತೇಕ ಪಾಳು ಭೂಮಿ, ವಿರಳ ಸಸ್ಯ” ಎಂದಿತ್ತು. ಕಣ್ಣಿಗೂ ಹಾಗೆಯೇ ಕಂಡಿತು: ಒಣ ಕೂಳೆ, ಬದುವಿನಲ್ಲಿ ನಾಲ್ಕು ಹೊಂಗೆ, ಒಂದು ಹುಣಸೆ. ಅದೇ ಹೊಲಕ್ಕೆ ಅಕ್ಟೋಬರ್‌ನಲ್ಲಿ ಮತ್ತೆ ಹೋದೆ. ರಾಗಿ ತೆನೆ ಕಟ್ಟಿತ್ತು, ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು. ತಗ್ಗಿನ ಕುಂಟೆಯಲ್ಲಿ ಮೊಣಕಾಲುದ್ದ ನೀರು. ಆ ಕುಂಟೆ ವರದಿಯಲ್ಲಿ ಇರಲೇ ಇಲ್ಲ, ಏಕೆಂದರೆ ನೋಡಲು ಬಂದವರಿಗೆ ಅದು ಬರೀ ಗುಂಡಿ. ಮಳೆಯಾಶ್ರಿತ ಹೊಲವನ್ನು ಮಳೆಯಿಲ್ಲದಾಗ ಅಳೆದರೆ ಅದು ಬಡಕಲಾಗಿಯೇ ಕಾಣುತ್ತದೆ.

ಲೆಕ್ಕ ಹಾಕಿ ನೋಡಿ. ಒಂದು ಎಕರೆಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 40,000 ಲೀಟರ್ ನೀರು. ನಿಮ್ಮ 130 ಎಕರೆಗೆ 52 ಲಕ್ಷ ಲೀಟರ್. ಉತ್ತ ಹೊಲ ಅದರಲ್ಲಿ ಬಹುಪಾಲನ್ನು ಹೀರಿಕೊಂಡು, ಹೆಚ್ಚಾದದ್ದನ್ನು ಕಾಲುವೆಗೆ ನಿಧಾನವಾಗಿ ಬಿಡುತ್ತದೆ. ಕಾಂಕ್ರೀಟು ಮತ್ತು ಡಾಂಬರು ಹಾಗೆ ಮಾಡಲಾರವು. ಮಳೆನೀರು ಕೊಯ್ಲಿನ ಗುಂಡಿಗಳ ಸಂಖ್ಯೆ ವರದಿಯಲ್ಲಿ ಖಂಡಿತ ಇರುತ್ತದೆ. ಈಗ ಆ ಹೊಲ ಎಷ್ಟು ನೀರು ಹಿಡಿಯುತ್ತಿದೆ ಎಂಬುದು ಇದೆಯೇ, ಹುಡುಕಿ.

ಇದೆಲ್ಲ ಬರೀ ಮೊಹರು ಎಂದು ಕೈಬಿಡಬೇಡಿ. ಬೆಂಗಳೂರಿನ ಪೆರಿಫೆರಲ್ ವರ್ತುಲ ರಸ್ತೆಯ ಪ್ರಕರಣ ನೆನಪಿಸಿಕೊಳ್ಳಿ. ಸುಮಾರು 65 ಕಿಲೋಮೀಟರ್‌ನ ಆ ರಸ್ತೆಗೆ ಕಡಿಯಬೇಕಾದ ಮರಗಳು 200ರಿಂದ 500 ಎಂದು ಅರ್ಜಿ ಹೇಳಿತ್ತು. ಎಣಿಸಿದಾಗ ಸಿಕ್ಕಿದ್ದು 16 ಸಾವಿರಕ್ಕೂ ಹೆಚ್ಚು. ಅಧ್ಯಯನದ ಮಾಹಿತಿಯೂ ಹಳೆಯದು. 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಪರಿಶೀಲನೆಯಲ್ಲಿ ಲೋಪವಿದೆ ಎಂದು ಹೇಳಿ, ಹೊಸದಾಗಿ ಅಧ್ಯಯನ ನಡೆಸಲು ಆದೇಶಿಸಿತು. ಅಲ್ಲಿ ವಾದವನ್ನು ಎತ್ತಿ ನಿಲ್ಲಿಸಿದ್ದು ಮರಗಳ ಎಣಿಕೆ. ನಿಮ್ಮಲ್ಲಿ ಅದು ಕುಂಟೆಯೋ ರಾಜಕಾಲುವೆಯೋ ಆಗಬಹುದು.

ಆದ್ದರಿಂದ ಮೊದಲು ಗ್ರಾಮ ಪಂಚಾಯಿತಿಗೆ ಹೋಗಿ. ಅನುಮತಿ ಪತ್ರದ ಪ್ರತಿಯನ್ನು ಯೋಜನೆಯವರು ಪಂಚಾಯಿತಿಗೆ ಕೊಡಬೇಕು, ಪಂಚಾಯಿತಿ ಅದನ್ನು 30 ದಿನ ಪ್ರದರ್ಶಿಸಬೇಕು. ಇಲ್ಲದಿದ್ದರೆ ಇಲ್ಲವೆಂದು ಬರಹದಲ್ಲಿ ಪಡೆಯಿರಿ. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಅರ್ಜಿ, ವರದಿ ಎರಡನ್ನೂ ಹುಡುಕಿ ಇಳಿಸಿಕೊಳ್ಳಿ. ಇಂಗ್ಲಿಷ್‌ನಲ್ಲಿರುತ್ತವೆ, ಓದಲು ನಮ್ಮ ಕಚೇರಿ ನೆರವಾಗುತ್ತದೆ. ಕಂದಾಯ ಇಲಾಖೆಯ ಗ್ರಾಮ ನಕ್ಷೆಯನ್ನು ಪಕ್ಕಕ್ಕಿಟ್ಟುಕೊಂಡು ಹಳ್ಳ, ಕಾಲುವೆ, ಕುಂಟೆ, ಗೋಮಾಳಗಳನ್ನು ಒಂದೊಂದಾಗಿ ಸರ್ವೆ ನಂಬರ್ ಸಮೇತ ಹೋಲಿಸಿ. ಕಳೆದ ಮಳೆಗಾಲದಲ್ಲಿ ಯಾರದಾದರೂ ಮೊಬೈಲ್‌ನಲ್ಲಿ ತೆಗೆದ ಹೊಲದ ಚಿತ್ರವಿದ್ದರೆ, ದಿನಾಂಕ ಅಳಿಸದೆ ಕಾಪಿಡಿ.

ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಲು 30 ದಿನ ಗಡುವು. ತಕ್ಕ ಕಾರಣ ಕೊಟ್ಟರೆ ಮಂಡಳಿ ಇನ್ನೂ 60 ದಿನ ಕೊಡಬಹುದು, ಆದರೆ ಅದನ್ನು ನೆಚ್ಚಿಕೊಳ್ಳಬೇಡಿ. ಜಾಹೀರಾತು ಬಂದ ದಿನದಿಂದ ಎಣಿಸಿದರೂ, ನೀವು ಪತ್ರ ಬರೆದ ದಿನಕ್ಕೆ 21 ದಿನ ಉಳಿದಿದ್ದವು. ಆ ಜಾಹೀರಾತಿನ ಪುಟ ಮತ್ತು ಗ್ರಾಮ ನಕ್ಷೆಯ ಪ್ರತಿಯನ್ನು ಈ ವಾರವೇ ಕಳುಹಿಸಿ.