ಅಮೆರಿಕದ ಸಿಲಿಕಾನ್ ವ್ಯಾಲಿ ನೋಡಿ ಬಂದವರಿಗೆ ಅಲ್ಲೇ ಇದ್ದುಬಿಡೋಣ ಅನಿಸುತ್ತದೆಯೇ?

ನನಗೆ ಅನಿಸಿತು. ಈಗಲೂ ಅನಿಸುತ್ತದೆ.

ಜೂನ್ ಕೊನೆಯಲ್ಲಿ ಕಂಪನಿ ಕೆಲಸದ ಮೇಲೆ ಮೂರು ವಾರ ಹೋಗಿದ್ದೆ. ಸನ್ನಿವೇಲ್‌ನಲ್ಲಿ ದೊಡ್ಡಮ್ಮನ ಮಗಳು ಅಕ್ಕನ ಮನೆಯಲ್ಲಿ ಉಳಿದಿದ್ದೆ. ಮೊದಲ ವಾರ ಎಲ್ಲರಂತೆ ನಾನೂ ದೊಡ್ಡ ಕಂಪನಿಗಳ ಬೋರ್ಡಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡೆ. ಪಾಲೋ ಆಲ್ಟೋದಲ್ಲಿ ಎಚ್‌ಪಿ ಕಂಪನಿ ಕಟ್ಟಿದ ಹ್ಯೂಲೆಟ್ ಮತ್ತು ಪ್ಯಾಕರ್ಡ್ 1938ರಲ್ಲಿ ಕೆಲಸ ಶುರು ಮಾಡಿದ ಗ್ಯಾರೇಜನ್ನು ರಸ್ತೆಯಿಂದಲೇ ನೋಡಿದೆ. ಒಳಗೆ ಬಿಡುವುದಿಲ್ಲ. ನಮ್ಮ ಕಡೆಯ ಕೊಟ್ಟಿಗೆಯಷ್ಟೇ ಇದೆ. ಇದೆಲ್ಲ ಚೆನ್ನಾಗಿತ್ತು, ಆದರೆ ಮನಸ್ಸು ಅಲ್ಲಿ ನಿಲ್ಲಲಿಲ್ಲ.

ಮನಸ್ಸು ನಿಂತಿದ್ದು ಮೌಂಟನ್ ವ್ಯೂ ಊರಿನ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂನಲ್ಲಿ. ಅಲ್ಲಿ 1959ರಲ್ಲಿ ಬಂದ ಐಬಿಎಂ 1401 ಕಂಪ್ಯೂಟರ್ ಇದೆ. ಗಾಜಿನ ಹಿಂದೆ ಸುಮ್ನೆ ಇಟ್ಟಿಲ್ಲ, ಓಡಿಸಿ ತೋರಿಸುತ್ತಾರೆ. ನಿವೃತ್ತರಾದ ಇಂಜಿನಿಯರುಗಳು ವರ್ಷಗಟ್ಟಲೆ ಕೂತು ಅದನ್ನು ಸರಿಮಾಡಿದ್ದಾರೆ. ತಲೆ ಪೂರ್ತಿ ನೆರೆತ ಒಬ್ಬರು ಆಗಿನ ಕಂಪ್ಯೂಟರ್ ತೂತುಗಳನ್ನು ನೋಡಿ ಓದುತ್ತಿದ್ದ ಪಂಚ್ ಕಾರ್ಡಿನಲ್ಲಿ ನನ್ನ ಹೆಸರನ್ನು ತೂತು ಹೊಡೆಸಿ ಕೊಟ್ಟರು. ಪ್ರಿಂಟರ್ ಶುರುವಾದರೆ ಮಾತು ಕೇಳಿಸುವುದಿಲ್ಲ, ನಿಮಿಷಕ್ಕೆ 600 ಸಾಲು. ಇದು ಕೆಟ್ಟರೆ ಏನು ಮಾಡುತ್ತೀರಿ ಎಂದು ಕೇಳಿದೆ. ಕೆಡುತ್ತಲೇ ಇರುತ್ತದೆ, ಎಲ್ಲಿ ಕೆಟ್ಟಿದೆ ಅಂತ ಹುಡುಕುವುದಕ್ಕೇ ನಾವು ಬರುವುದು ಎಂದರು.

ಬೆಂಗಳೂರಿನಲ್ಲಿ ನನ್ನ ಕೆಲಸವೂ ಅದೇ. ಸರ್ಕ್ಯೂಟ್ ಬೋರ್ಡುಗಳಲ್ಲಿ ತಪ್ಪು ಹುಡುಕುವುದು. ನಲವತ್ತಾದ ಮೇಲೂ ಇದನ್ನೇ ಮಾಡ್ತೀಯಾ, ಮ್ಯಾನೇಜರ್ ಆಗಲ್ವಾ ಎಂದು ಎಲ್ಲರೂ ಕೇಳುತ್ತಾರೆ. ಅಲ್ಲಿ ಎಪ್ಪತ್ತು ದಾಟಿದವರು ಮಲ್ಟಿಮೀಟರ್ ಹಿಡಿದು ನಗುತ್ತಾ ನಿಂತಿದ್ದರು. ಇವರ ನಡುವೆ ವಯಸ್ಸಾಗಬೇಕು ಅನಿಸಿಬಿಟ್ಟಿತು.

ಇನ್ನೊಂದು ಜಾಗ ಅಕ್ಕನ ಮನೆ ಇರುವ ಊರಿನಲ್ಲೇ ಇದೆ. ಸನ್ನಿವೇಲ್ ನಗರದ ಮಧ್ಯೆ ಹತ್ತು ಎಕರೆ ಏಪ್ರಿಕಾಟ್ ತೋಟ. ಕಂಪ್ಯೂಟರ್ ಚಿಪ್ ಬರುವ ಮೊದಲು ಆ ಕಣಿವೆ ತುಂಬ ಹಣ್ಣಿನ ತೋಟಗಳೇ ಇದ್ದವು. ಸಿಲಿಕಾನ್ ವ್ಯಾಲಿ ಅನ್ನುವ ಹೆಸರು ಪತ್ರಿಕೆಯಲ್ಲಿ ಬಂದಿದ್ದೇ 1971ರಲ್ಲಿ. ಉಳಿದ ಈ ತುಂಡನ್ನು ನಗರವೇ ಇಟ್ಟುಕೊಂಡಿದೆ. ನಾನು ದೇವನಹಳ್ಳಿಯವನು. ನಮ್ಮ ಚಕ್ಕೋತದ ಹೆಸರು ನೀವು ಕೇಳಿರುತ್ತೀರಿ. 2008ರಲ್ಲಿ ವಿಮಾನ ನಿಲ್ದಾಣ ಬಂದಮೇಲೆ ಸುತ್ತಮುತ್ತ ತೋಟ ಹೋಗಿ ಲೇಔಟ್ ಆಗುತ್ತಾ ಬಂದವು. ನಮ್ಮ ತಾತ ಹಾಕಿದ್ದರಲ್ಲಿ ಎರಡು ಚಕ್ಕೋತದ ಮರ ಮಾತ್ರ ಉಳಿದಿವೆ. ಅಂಥ ದುಬಾರಿ ಊರಿನಲ್ಲಿ ಹತ್ತು ಎಕರೆ ತೋಟ ಉಳಿದದ್ದು ನೋಡಿ ಕಣ್ಣು ತುಂಬಿ ಬಂತು.

ಅಲ್ಲಿ ಹೋಗಿ ನೆಲೆಸುವುದು ಸುಲಭ ಅಲ್ಲ. ಅಲ್ಲಿ ಕೆಲಸ ಮಾಡಲು ಕೊಡುವ ಎಚ್-1ಬಿ ವೀಸಾ ಮೂರು ವರ್ಷ, ಮತ್ತೆ ಮೂರು ವರ್ಷ. ಅಲ್ಲೇ ಕಾಯಂ ಇರಲು ಬೇಕಾದ ಗ್ರೀನ್ ಕಾರ್ಡಿನಲ್ಲಿ ಒಂದು ದೇಶದವರಿಗೆ ವರ್ಷಕ್ಕೆ ಹೆಚ್ಚೆಂದರೆ ನೂರಕ್ಕೆ ಏಳು ಪಾಲು. ನಮ್ಮವರ ಸಾಲು ಬಹಳ ಉದ್ದ. ಅಕ್ಕ ಹನ್ನೊಂದು ವರ್ಷದಿಂದ ಕಾಯುತ್ತಿದ್ದಾಳೆ. ಬಾಡಿಗೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. "ಬಾ ಅನ್ನಲ್ಲ, ಬೇಡ ಅಂತಲೂ ಅನ್ನಲ್ಲ ಕಣೋ. ಚಿಕ್ಕಪ್ಪನ್ನ ಒಂದು ಮಾತು ಕೇಳು" ಎಂದಳು.

ಅಪ್ಪನಿಗೆ ಮರ ಇಲ್ಲದ ಕಡೆ ಇದ್ದು ಗೊತ್ತಿಲ್ಲ. ಹಾಗಾಗಿ ನಾನು ಅಲ್ಲಿ ಮನೆ ಅಂತ ಕಲ್ಪಿಸಿಕೊಂಡಾಗಲೆಲ್ಲ ಅದು ಆ ತೋಟಕ್ಕೆ ನಡೆದು ಹೋಗುವಷ್ಟು ಹತ್ತಿರ ಇರುತ್ತದೆ. ಬಂದ ದಿನ ರಾತ್ರಿ ಅವರಿಗೆ ತೋಟದ ಫೋಟೋ ತೋರಿಸಿದೆ. ತುಂಬಾ ಹೊತ್ತು ನೋಡಿ, "ಮರದಿಂದ ಮರಕ್ಕೆ ಎಷ್ಟು ಅಡಿ ಬಿಟ್ಟಿದ್ದಾರೆ?" ಎಂದು ಕೇಳಿದರು. ಮುಂದಿನ ಸಲ ಅಳೆದುಕೊಂಡು ಬರುತ್ತೇನೆ ಎಂದಿದ್ದೇನೆ.