ಮುಗಿಯದ ಹಾಯಿದೋಣಿ, ಮುಗಿಯದ ಜಗಳ

ಗಂಡ ಹೆಂಡತಿ ಇಬ್ಬರಿಗೂ ನಲವತ್ತು ದಾಟಿದೆ. ಇಬ್ಬರೂ ದುಡಿಯುತ್ತಾರೆ. ಮೂರು ವರ್ಷದ ಹಿಂದೆ ಹಳೆಯ ಮರದ ಹಾಯಿದೋಣಿಯೊಂದನ್ನು ಕೊಂಡರು. ಒಂದು ವರ್ಷದಲ್ಲಿ ರಿಪೇರಿ ಮುಗಿಸಿ ನೀರಿಗಿಳಿಸುವ ಲೆಕ್ಕಾಚಾರ ಇತ್ತು. ದೋಣಿ ಇನ್ನೂ ಆಧಾರದ ಕಂಬಗಳ ಮೇಲೇ ನಿಂತಿದೆ. ರಜೆ, ಉಳಿತಾಯ ಎಲ್ಲ ಅದಕ್ಕೇ ಹೋಗಿದೆ. ದಾಂಪತ್ಯದ ಸಲಹೆಗೆಂದು ನನ್ನ ಬಳಿ ಬರುವ ಹೊತ್ತಿಗೆ ಇಬ್ಬರ ನಡುವೆ ಬೇರೆ ಮಾತೇ ಉಳಿದಿರಲಿಲ್ಲ. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಬರೆಯಲು ಇಬ್ಬರ ಒಪ್ಪಿಗೆಯೂ ಇದೆ.)

ಆಕೆಯ ದೂರು: "ಇವರು ಒಂದು ಹಲಗೆ ಸರಿಮಾಡೋಕೆ ಹೋಗಿ ಮೂರು ಹಲಗೆ ಬಿಚ್ತಾರೆ. ಮುಗಿಸೋ ಮನಸ್ಸೇ ಇಲ್ಲ ಇವರಿಗೆ."

ಗಂಡನ ದೂರು: "ಕೊಳೆತಿದ್ದು ಕಣ್ಣಿಗೆ ಕಂಡ ಮೇಲೂ ಮುಚ್ಚಿಬಿಡಿ ಅಂತಾಳೆ. ನಾಳೆ ಮುಳುಗಿದ್ರೆ ಯಾರು ಹೊಣೆ?"

ಇಬ್ಬರ ಮಾತಿನಲ್ಲೂ ನಿಜ ಇತ್ತು. ಮರದ ದೋಣಿಯನ್ನು ಕೊಳೆಸುವುದು ಉಪ್ಪುನೀರಿಗಿಂತ ಜಾಸ್ತಿ ಮೇಲಿಂದ ಸೋರುವ ಮಳೆನೀರು. ಮರದ ತೇವಾಂಶ ಶೇ 20ರ ಕೆಳಗಿದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯುವುದಿಲ್ಲ. ಆದರೆ ಡೆಕ್‌ನ (ದೋಣಿಯ ಮೇಲ್ಹಾಸಿನ) ಸಂದಿಯಿಂದ ಇಳಿದ ನೀರು ಗಾಳಿಯಾಡದ ಮೂಲೆಯಲ್ಲಿ ನಿಂತರೆ ಮರ ಒಳಗೊಳಗೇ ಲಡ್ಡಾಗುತ್ತದೆ. ಹೊರಗಿನ ಬಣ್ಣ ಚೆನ್ನಾಗೇ ಕಾಣುತ್ತಿರುತ್ತದೆ. ಹಲಗೆ ತೆಗೆದಾಗಲೇ ಅದರ ಹಿಂದಿನ ಪಕ್ಕೆಯೂ (ಹಲಗೆಗಳನ್ನು ಒಳಗಿನಿಂದ ಹಿಡಿದಿಡುವ ಬಾಗಿದ ಮರ) ಹೋಗಿದೆ ಅಂತ ಗೊತ್ತಾಗುವುದು. ಹಾಗಾಗಿ ಗಂಡ ಬೇಕಂತಲೇ ಕೆಲಸ ಎಳೆಯುತ್ತಿರಲಿಲ್ಲ. ಎಲ್ಲಿಗೆ ನಿಲ್ಲಿಸಬೇಕು ಅಂತ ಇಬ್ಬರೂ ಮೊದಲೇ ಮಾತಾಡಿಕೊಂಡಿರಲಿಲ್ಲ, ಅಷ್ಟೇ. ಆ ಮಾತು ಆಡದೆ ಇಂಥ ಕೆಲಸಕ್ಕೆ ಇಳಿದರೆ, ಹೊಸದಾಗಿ ಕಂಡ ಪ್ರತಿ ಕೊಳೆತವೂ ಯಾರೋ ಒಬ್ಬರ ತಪ್ಪಿನಂತೆ ಕಾಣತೊಡಗುತ್ತದೆ.

ಅವರನ್ನು ನನ್ನ ಬಳಿ ಕರೆತಂದದ್ದು ಒಂದು ಪಕ್ಕೆ. ಹೊಸ ಪಕ್ಕೆಯನ್ನು ಬಗ್ಗಿಸಬೇಕಾದರೆ ಮರವನ್ನು ಪೆಟ್ಟಿಗೆಯಲ್ಲಿಟ್ಟು ಹಬೆ ಕೊಡುತ್ತಾರೆ. ಒಂದು ಅಂಗುಲ ದಪ್ಪಕ್ಕೆ ಸುಮಾರು ಒಂದು ಗಂಟೆ. ಹೊರತೆಗೆದ ಮರ ಬಹಳ ಬೇಗ ಮತ್ತೆ ಬಿಗಿಯುತ್ತದೆ. ಅಷ್ಟರೊಳಗೆ ಒಯ್ದು, ಬಗ್ಗಿಸಿ, ಕ್ಲ್ಯಾಂಪ್ ಹಾಕಬೇಕು. ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಆ ಅವಸರದಲ್ಲಿ ಗಂಡ "ಒತ್ತು, ಅಲ್ಲಲ್ಲ, ಬಿಡು" ಎಂದು ಕೂಗಿದರು. ಆಕೆ ಬಿಟ್ಟರು. ಪಕ್ಕೆ ಸೀಳಿತು. "ಒಂದು ಕೆಲಸಾನೂ ನೆಟ್ಟಗೆ ಬರಲ್ಲ ನಿಂಗೆ" ಎಂದರು ಅವರು. ಆಕೆ ಕೈಗವಸು ಕಳಚಿ ನಡೆದರು. ವಾರಗಟ್ಟಲೆ ದೋಣಿಯ ಹತ್ತಿರ ಬರಲಿಲ್ಲ.

ಅವಸರದಲ್ಲಿ ದನಿ ಏರುವುದು ಸಹಜ. ಅದನ್ನು ನಾನು ದೊಡ್ಡದು ಮಾಡಲಿಲ್ಲ. ಕೊನೆಗೆ ಆಡಿದ ಮಾತು ಮಾತ್ರ ಹಾಗಲ್ಲ. ಅದು ಪಕ್ಕೆಯ ಬಗ್ಗೆ ಅಲ್ಲ, ಹೆಂಡತಿಯ ಬಗ್ಗೆ ಕೊಟ್ಟ ತೀರ್ಪು. ಸಂಸಾರದಲ್ಲಿ ಇಂಥ ತೀರ್ಪು ಬೇಗ ಮರೆಯುವುದಿಲ್ಲ. ನಾನು ಹೇಳಿದ್ದಿಷ್ಟು: ಹಬೆ ಹಾಕುವ ಮೊದಲು ಒಮ್ಮೆ ಸುಮ್ನೆ ಅಭ್ಯಾಸ ಮಾಡಿ. ಯಾರು ಎಲ್ಲಿ ನಿಲ್ಲಬೇಕು, ಯಾರು ಹೇಳಬೇಕು, ಯಾವ ಮಾತಿಗೆ ಏನು ಅರ್ಥ ಅಂತ ಗೊತ್ತು ಮಾಡಿಕೊಳ್ಳಿ. ಮರ ಸೀಳಿದರೆ ಉಪಕರಣ ಎತ್ತಿಡುವವರೆಗೆ ಆ ಬಗ್ಗೆ ಮಾತೇ ಬೇಡ. ಆಮೇಲೆ ಮಾತಾಡುವಾಗಲೂ ಏನಾಯಿತು ಅಂತ ಕೇಳಿ, ಯಾರಿಂದ ಅಂತ ಕೇಳಬೇಡಿ.

ಇನ್ನೊಂದು ಗಂಟು ಯಾರು ಜಾಸ್ತಿ ದುಡಿದಿದ್ದಾರೆ ಅನ್ನುವುದು. ಈವರೆಗಿನ ಕೆಲಸದಲ್ಲಿ ನಿಮ್ಮ ಪಾಲು ನೂರಕ್ಕೆ ಎಷ್ಟು ಅಂತ ಒಬ್ಬೊಬ್ಬರೇ ಬರೆಯಿರಿ ಎಂದೆ. ಕೂಡಿದರೆ ನೂರನ್ನು ಎಷ್ಟೋ ದಾಟಿತು. ಇದರಲ್ಲಿ ಯಾರ ಸುಳ್ಳೂ ಇಲ್ಲ. ಮನಶ್ಶಾಸ್ತ್ರಜ್ಞರಾದ ಮೈಕೆಲ್ ರಾಸ್ ಮತ್ತು ಫಿಯೋರ್ ಸಿಕೋಲಿ 1979ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಂಪತಿಗಳು ಮನೆಗೆಲಸದ ಪಾಲು ಹೇಳಿದಾಗಲೂ ಹೀಗೇ ಆಗಿತ್ತು. ನಾವು ಮಾಡಿದ್ದು ನಮಗೆ ಬೇಗ ನೆನಪಾಗುತ್ತದೆ. ಆಕೆ ಮರಕ್ಕಾಗಿ ಮಾಡಿದ ಫೋನು, ಕಟ್ಟಿದ ಬಿಲ್ಲು, ಸಂಜೆಗಟ್ಟಲೆ ವಾರ್ನಿಷ್ ಉಜ್ಜಿದ್ದು ಗಂಡನ ಲೆಕ್ಕದಲ್ಲೇ ಇರಲಿಲ್ಲ. ಅವರು ದೋಣಿಯ ಕೆಳಗೆ ಅಂಗಾತ ಮಲಗಿ, ಕಣ್ಣಿಗೆ ಬೀಳುವ ಪುಡಿ ಸಹಿಸಿ ಹಳೆಯ ಸ್ಕ್ರೂ ತೆಗೆದದ್ದು ಆಕೆಗೆ ಹೊಳೆದಿರಲಿಲ್ಲ. ಪಟ್ಟಿ ಅದಲುಬದಲು ಮಾಡಿ ಓದಿಸಿದೆ. ಆ ದಿನ ಜಗಳ ಆಗಲಿಲ್ಲ.

ಇಷ್ಟಾದರೂ ಮುಖ್ಯ ಸಂಗತಿ ಹೊರಗೆ ಬಂದಿರಲಿಲ್ಲ. ಮುಂದಿನ ಭೇಟಿಯಲ್ಲಿ ಒಂದೇ ಪ್ರಶ್ನೆ ಇಬ್ಬರಿಗೂ ಕೇಳಿದೆ: ದೋಣಿ ನೀರಿಗಿಳಿದ ಮಾರನೇ ದಿನ ಏನು ಮಾಡುತ್ತೀರಿ? ಆಕೆ ತಡವರಿಸದೆ ಹೇಳಿದರು. ಎಲ್ಲಿಗೆ ಹೋಗಬೇಕು, ಯಾರನ್ನು ಕರೆದೊಯ್ಯಬೇಕು, ಯಾವ ಗಾಳಿಗೆ ಯಾವ ಹಾಯಿ, ಎಲ್ಲ ಆಗಲೇ ಯೋಚಿಸಿದ್ದರು. ಗಂಡ ತುಂಬಾ ಹೊತ್ತು ಸುಮ್ಮನಿದ್ದು, "ಗೊತ್ತಿಲ್ಲ. ಇನ್ನೊಂದು ಹಳೇ ದೋಣಿ ಹುಡುಕ್ತೀನೇನೋ" ಎಂದರು. ಆಕೆಗೆ ಬೇಕಿದ್ದದ್ದು ಪಯಣ, ಅವರಿಗೆ ಬೇಕಿದ್ದದ್ದು ಮರದ ಕೆಲಸ. ಎರಡೂ ಒಳ್ಳೆಯ ಆಸೆಗಳೇ. ಆದರೆ ಒಬ್ಬರಿಗೆ ಬೇಗ ಮುಗಿಯಬೇಕು, ಇನ್ನೊಬ್ಬರಿಗೆ ಮುಗಿಯುವುದೇ ಬೇಡ. ಹಲಗೆ ಹಲಗೆಗೂ ಜಗಳ ಆಗದೆ ಇನ್ನೇನು, ಅಲ್ವಾ?

ಹಾಗಾಗಿ ಮೊದಲ ಸಲಹೆ ಆಕೆಗೆ: ನಿಮ್ಮ ದೋಣಿ ಸಿದ್ಧವಾಗಲಿ ಅಂತ ಕಾಯಬೇಡಿ, ಬೇರೆಯವರ ದೋಣಿಯಲ್ಲಿ ಹಾಯಿ ಬಿಡಲು ಈಗಲೇ ಹೋಗಿ. ಕಾಯುವ ಸಿಟ್ಟು ಅರ್ಧ ಅಲ್ಲೇ ಇಳಿಯುತ್ತದೆ. ಅವರಿಗೆ: ಇನ್ನೊಂದು ಹಲಗೆ ಬಿಚ್ಚುವ ಮೊದಲು ಸಂಬಂಧವಿಲ್ಲದ ಪರಿಣತರೊಬ್ಬರಿಂದ ಇಡೀ ದೋಣಿಯನ್ನು ತಟ್ಟಿ, ಚುಚ್ಚಿ ಪರೀಕ್ಷೆ ಮಾಡಿಸಿ. ಆಮೇಲೆ ಪಟ್ಟಿಯನ್ನು ಎರಡು ಮಾಡಿ, ತೇಲಲು ಬೇಕೇಬೇಕಾದದ್ದು, ಅಂದಕ್ಕೆ ಬೇಕಾದದ್ದು. ಕೀಲ್ ಬೋಲ್ಟ್ (ದೋಣಿಯ ತಳದ ಬೆನ್ನೆಲುಬಾದ ಕೀಲನ್ನು ಬಿಗಿದಿಡುವ ಬೋಲ್ಟ್), ಪಕ್ಕೆ, ತಳದ ಹಲಗೆ ಮೊದಲನೆಯದರಲ್ಲಿ. ಕ್ಯಾಬಿನ್‌ನ ಒಳಗೆಲಸ ನೀರಿಗಿಳಿದ ಮೇಲೂ ಆಗಬಹುದು.

ತೀರ್ಮಾನವನ್ನೂ ಹಂಚಿಕೊಳ್ಳಿ ಎಂದೆ: ದೋಣಿಯ ಒಡಲಿನ ಕೆಲಸದಲ್ಲಿ ಕೊನೆಯ ಮಾತು ಗಂಡನದು. ಹಾಯಿ, ಹಗ್ಗ, ಹಾಯಿಕಂಬದ ವಿಷಯದಲ್ಲಿ ಹೆಂಡತಿಯದು. ಜೀವಕ್ಕೆ ಅಪಾಯ ಇಲ್ಲದಿದ್ದರೆ ಒಬ್ಬರು ಇನ್ನೊಬ್ಬರ ಕೆಲಸ ತಿದ್ದುವಂತಿಲ್ಲ. ಖರ್ಚಿಗೆ ಇಬ್ಬರೂ ಒಪ್ಪಿದ ಒಂದು ಮಿತಿ ಇರಬೇಕು. ಅದನ್ನು ದಾಟುವ ಮೊದಲು ಕೂತು ಮಾತಾಡಬೇಕು. ಆಗ "ಇಷ್ಟು ಸುರಿದಿದ್ದೀವಲ್ಲ" ಅನ್ನುವ ವಾದ ಬೇಡ. ಇದೇ ಸ್ಥಿತಿಯ ದೋಣಿಯನ್ನು ಇವತ್ತು ಯಾರಾದರೂ ಬಿಟ್ಟಿ ಕೊಟ್ಟರೆ ತಗೊಳ್ತೀರಾ ಅಂತ ಕೇಳಿಕೊಳ್ಳಿ.

ನೀರಿಗಿಳಿಸುವ ದಿನದ ಬಗ್ಗೆಯೂ ಮೊದಲೇ ಮಾತಾಡಿಸಿದೆ. ವರ್ಷಗಟ್ಟಲೆ ಒಣಗಿದ ಹಲಗೆಯ ದೋಣಿ ಇಳಿಸಿದ ಕೂಡಲೇ ಸಂದಿಗಳಿಂದ ನೀರು ಒಳಗೆ ಸೋರುತ್ತದೆ. ಮರ ಊದಿಕೊಂಡು ಸಂದಿ ಮುಚ್ಚಲು ದಿನಗಳೇ ಬೇಕು. ಸೋರುವುದು ಬೇಗ ನಿಲ್ಲಲಿ ಅಂತ ಒಣ ಸಂದಿಗೆ ಹತ್ತಿ ತೀರಾ ಬಿಗಿಯಾಗಿ ತುರುಕಿದರೆ, ಊದಿದ ಹಲಗೆಗಳು ಒತ್ತಿ ಪಕ್ಕೆಯೇ ಮುರಿಯಬಹುದು. ಅಂದು ಪಂಪು ಸಿದ್ಧವಿರಲಿ, ನೋಡಲು ನೆಂಟರನ್ನು ಕರೆಯಬೇಡಿ ಎಂದೆ. ಇದು ಗೊತ್ತಿಲ್ಲದೆ ಹೋದರೆ ಮೂರು ವರ್ಷದ ದುಡಿಮೆ ಒಂದು ಗಂಟೆಯಲ್ಲಿ ಸೋತಂತೆ ಅನ್ನಿಸಿಬಿಡುತ್ತದೆ.

ಓದುವವರಿಗೆ ಒಂದು ಮಾತು. ಸಂಗಾತಿ ಹೇಳದೆ ಕೇಳದೆ ಉಳಿತಾಯ ಖಾಲಿ ಮಾಡುತ್ತಿದ್ದರೆ, ಅವರ ಸಿಟ್ಟಿಗೆ ಹೆದರಿ ನೀವು ಬಾಯಿ ಬಿಡದಿದ್ದರೆ, ಈ ಸಲಹೆಗಳು ಸಾಲುವುದಿಲ್ಲ. ಆಗ ಮೊದಲು ಒಬ್ಬರೇ ಬಂದು ಮಾತಾಡಿ.

ಆಕೆ ಈಗ ಬೇರೆಯವರ ದೋಣಿಯಲ್ಲಿ ಹೋಗಿ ಬರುತ್ತಿದ್ದಾರೆ. ಪಕ್ಕೆಯ ಕೆಲಸಕ್ಕೆ ಮತ್ತೆ ಕೈ ಜೋಡಿಸಿದ್ದಾರೆ. ಕ್ಯಾಬಿನ್ ಸದ್ಯಕ್ಕೆ ಬೇಡ ಅಂತ ಗಂಡ ಒಪ್ಪಿದ್ದು ನನಗೂ ಆಶ್ಚರ್ಯ. ನೀರಿಗಿಳಿಸುವ ದಿನ ಒಮ್ಮೆ ಮುಂದಕ್ಕೆ ಹೋಯಿತು, ಈ ಸಲ ಇಬ್ಬರೂ ಸೇರಿ ಮುಂದೂಡಿದರು. ಮಾರುವುದೋ ಇಟ್ಟುಕೊಳ್ಳುವುದೋ ಅನ್ನುವುದು ತೀರ್ಮಾನವಾಗಿಲ್ಲ. ಒಂದು ಹಂಗಾಮು ನೀರಿನಲ್ಲಿ ಓಡಿಸಿದ ಮೇಲೆ ಆ ಮಾತು ಎತ್ತುವುದು ಅಂತ ಗೊತ್ತು ಮಾಡಿಕೊಂಡಿದ್ದಾರೆ.