ಸಂಡರ್‌ಲ್ಯಾಂಡ್‌ಗೆ ಬರಲಾ ಎಂದು ಕೇಳಿದ ತಂಗಿಗೆ

ತಂಗಿ, ಇಂಗ್ಲೆಂಡಿನ ಈಶಾನ್ಯದ ಸಂಡರ್‌ಲ್ಯಾಂಡ್‌ನಲ್ಲಿ ನರ್ಸ್ ಕೆಲಸ ಸಿಕ್ಕಿದೆ, ಆದರೆ 2024ರ ಗಲಾಟೆಯ ವಿಡಿಯೊ ನೋಡಿ ಮನೆಯವರು ಹೆದರಿದ್ದಾರೆ, ಲಂಡನ್ನಿಗೇ ಪ್ರಯತ್ನ ಮಾಡಲಾ ಅಂತ ಕೇಳಿದ್ದೀಯ. ಬಾಡಿಗೆ, ಊಟ, ಚಳಿಯ ಬಗ್ಗೆಯೂ ಕೇಳಿದ್ದೀಯ.

ಕೋಟು ಇಲ್ಲೇ ಬಂದು ತಗೊ. ಜೋಳದ ಹಿಟ್ಟು ಪಕ್ಕದ ನ್ಯೂಕ್ಯಾಸಲ್‌ನಲ್ಲಿ ಸಿಗುತ್ತದೆ, ರೊಟ್ಟಿ ಮಾತ್ರ ಊರಿನ ಹಾಗೆ ಬರುವುದಿಲ್ಲ. ಸರ್ಕಾರಿ ಆಸ್ಪತ್ರೆಯ ನರ್ಸ್‌ಗಳಿಗೆ ಇಂಗ್ಲೆಂಡಿನಲ್ಲೆಲ್ಲ ಸಂಬಳ ಒಂದೇ. ಲಂಡನ್ನಿನಲ್ಲಿ ಸಿಗುವ ಭತ್ಯೆಯನ್ನು ಬಾಡಿಗೆಯೇ ನುಂಗುತ್ತದೆ. ಹಾಗಾಗಿ ಇಲ್ಲಿಗೇ ಬಾ.

ಇನ್ನು ಗಲಾಟೆ. ಅದರ ಬೇರು ಹಳೆಯದು. ನಾನು 2003ರಲ್ಲಿ ಬಂದಾಗ ಪಕ್ಕದ ಮನೆಯ ಅಜ್ಜ ವಿಯರ್ ನದಿ ತೋರಿಸಿ, ಇಲ್ಲೆಲ್ಲ ಹಡಗು ಕಟ್ಟುತ್ತಿದ್ದೆವು ಅಂದರು. 1988ರ ಕೊನೆಯಲ್ಲಿ ಆ ಹಡಗು ಕಟ್ಟುವ ಕೆಲಸವನ್ನೇ ಮುಚ್ಚುವ ತೀರ್ಮಾನವಾಯಿತು. ಕಲ್ಲಿದ್ದಲು ಗಣಿ 1993ರಲ್ಲಿ ಹೋಯಿತು, ಆ ಜಾಗದಲ್ಲಿ ಈಗ ಫುಟ್‌ಬಾಲ್ ಸ್ಟೇಡಿಯಂ. ನಿಸ್ಸಾನ್ ಕಾರ್ಖಾನೆ ಇರುವುದೇ ಪುಣ್ಯ. ದೊಡ್ಡ ಕೆಲಸ, ದೊಡ್ಡ ಸಂಬಳ ಎಲ್ಲ ಲಂಡನ್ ಸುತ್ತಲೇ. ಲಂಡನ್ನಿನಿಂದ ಉತ್ತರದ ಮ್ಯಾಂಚೆಸ್ಟರ್‌ಗೆ ಬರಬೇಕಿದ್ದ ವೇಗದ ರೈಲು ಬರ್ಮಿಂಗ್‌ಹ್ಯಾಂ ದಾಟುವುದಿಲ್ಲ ಅಂತ 2023ರಲ್ಲಿ ಪ್ರಧಾನಿ ಸುನಕ್ ಹೇಳಿದರು. ಹೇಳಿದ್ದು ಮ್ಯಾಂಚೆಸ್ಟರ್‌ನಲ್ಲೇ ನಿಂತು! ರಾಯಚೂರಿನವಳಿಗೆ ಇದನ್ನು ಬಿಡಿಸಿ ಹೇಳಬೇಕಾ? ನಾನೂ ಕಲಬುರಗಿ ಕಡೆಯವಳೇ. ಬೆಂಗಳೂರಿನಲ್ಲಿ ಹೊರಗಿನವರ ಬಗ್ಗೆ ನಮ್ಮ ಜನ ಆಡುವ ಮಾತೂ ನಿನಗೆ ಗೊತ್ತಲ್ವಾ.

2016ರ ಬ್ರೆಕ್ಸಿಟ್ ಮತದಾನದಲ್ಲಿ ಮತ ಹಾಕಿದವರಲ್ಲಿ ಶೇ 61ರಷ್ಟು ಜನ ಇಲ್ಲಿ ಯುರೋಪ್ ಒಕ್ಕೂಟ ಬಿಡೋಣ ಅಂದರು. ಅಜ್ಜನೂ ಅವರಲ್ಲೊಬ್ಬರು. ‘ಇದು ನಿನ್ನ ಬಗ್ಗೆ ಅಲ್ಲಮ್ಮ, ನೀನು ದುಡಿಯೋಳು’ ಅಂತ ಸಮಾಧಾನ ಮಾಡಿದರು. ನನಗೆ ಒಳಗೊಳಗೇ ಹೆಮ್ಮೆಯಾಯಿತು. ಈಗ ಅದನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟ. 2024ರಲ್ಲಿ ವಾಯವ್ಯ ಇಂಗ್ಲೆಂಡಿನ ಸೌತ್‌ಪೋರ್ಟ್‌ನಲ್ಲಿ ಮೂವರು ಹೆಣ್ಣುಮಕ್ಕಳ ಕೊಲೆಯಾಯಿತು. ಕೊಂದವನು ನಿರಾಶ್ರಿತ ಅಂತ ಸುಳ್ಳು ಸುದ್ದಿ ಹಬ್ಬಿತು. ಆಗಸ್ಟ್ 2ರಂದು ಇಲ್ಲೂ ಗಲಾಟೆಯೆದ್ದು ಬೆಂಕಿ ಬಿತ್ತು. ಡ್ಯೂಟಿಗೆ ಹೊರಟಿದ್ದ ಫಿಲಿಪ್ಪೀನ್ಸ್ ನರ್ಸ್‌ಗಳ ಟ್ಯಾಕ್ಸಿಯ ಮೇಲೆ ಕಲ್ಲು ತೂರಿದರು. ದುಡಿಯೋಳಾ, ಅಲ್ವಾ ಅಂತ ಯಾರು ಕೇಳಿದರು? ಮರುದಿನ ಪೊರಕೆ ಹಿಡಿದು ಬೀದಿ ಗುಡಿಸಲು ಬಂದವರೂ ಇದೇ ಊರಿನವರು, ಅದನ್ನೂ ಮನೆಯವರಿಗೆ ಹೇಳು.

‘ನೀನು ಒಳ್ಳೆಯವಳು, ಅವರು ಹಾಗಲ್ಲ’ ಅಂತ ಯಾರಾದರೂ ಹೊಗಳಿದರೆ ಉಬ್ಬಬೇಡ. ಸರ್ಕಾರ ಹೋಟೆಲಿನಲ್ಲಿ ಇಟ್ಟಿರುವ ನಿರಾಶ್ರಿತರನ್ನು ನೀನೂ ಸೇರಿ ಬೈಯಬೇಡ. ನಮ್ಮವರ ಹಬ್ಬದ ಊಟಗಳಲ್ಲೇ ಆ ಬೈಗುಳ ಜಾಸ್ತಿ.

ಬಂದ ಕೂಡಲೇ ಮತದಾರರ ಪಟ್ಟಿಗೆ ಹೆಸರು ಸೇರಿಸು. ಭಾರತದ ಪಾಸ್‌ಪೋರ್ಟ್ ಇದ್ದರೂ ಕಾಮನ್‌ವೆಲ್ತ್ ದೇಶದವರಿಗೆ ಇಲ್ಲಿ ಪಾರ್ಲಿಮೆಂಟ್ ಚುನಾವಣೆಯಲ್ಲೂ ಮತ ಉಂಟು. 2016ರಲ್ಲೂ ಇತ್ತು. ನಮ್ಮವರು ಎಷ್ಟೋ ಮಂದಿ ನಮಗೇಕೆ ಅಂತ ಸುಮ್ನೆ ಕೂತರು.

ಏಜೆಂಟ್ ಕೆಲಸ ಕೊಡಿಸಲು ದುಡ್ಡು ಕೇಳಿದರೆ ಕೊಡಬೇಡ. ಖಾಯಂ ವಾಸದ ಅನುಮತಿಗೆ ಕಾಯಬೇಕಿದ್ದ 5 ವರ್ಷವನ್ನು 10 ಮಾಡುತ್ತೇವೆ ಅಂತ ಸರ್ಕಾರ 2025ರ ಮೇ ತಿಂಗಳಲ್ಲಿ ಹೇಳಿದೆ. ಐದು ವರ್ಷಕ್ಕೆ ಎಲ್ಲ ಸರಿಹೋಗುತ್ತದೆ ಅಂತ ಅಮ್ಮನಿಗೆ ಮಾತು ಕೊಟ್ಟು ಬರಬೇಡ.